ಫಾರಮ್ಮಿಗೆ ‘ಎಲ್ಲಾ ಛಲೋ ಅದರಿ’, ಆಟದಾಗ ಬ್ಯಾರೇ ಮಾತು

ಯಾದಗಿರಿ, ಶಹಾಪುರ, ಸುರಪುರ ಕಡೆಯ ಹಳ್ಳಿಗಳಿಗೆ ಫಾರಂ ಹಿಡಿದವರು ಬಂದರೆಂದರೆ ಉತ್ತರ ಮೊದಲೇ ತಯಾರು: “ಎಲ್ಲಾ ಛಲೋ ಅದರಿ, ಸಾಹೇಬ್ರ.” ಬಸುರಿ ಸೊಸೆಗೆ “ಗುಳಿಗಿ ನುಂಗ್ತಿಯೇನವ್ವ?” ಎಂದು ಕೇಳಿದರೆ ಪಕ್ಕದಲ್ಲಿ ಅತ್ತೆ. ಕೂಲಿಯವನನ್ನು ಕೇಳಿದರೆ ಎದುರಿನ ಕಟ್ಟೆಯ ಮೇಲೆ ಹೊಲದ ಧಣಿ. ಫಾರಂ ತುಂಬುತ್ತದೆ, ಒಳಗಿನ ಮಾತು ಒಳಗೇ ಉಳಿಯುತ್ತದೆ.

ಆ ಮಾತು ಹೊರತರಲು ಆರೋಗ್ಯ ಸಂಶೋಧಕರು ಹಲವು ದೇಶಗಳಲ್ಲಿ ನಾಟಕ ಹಿಡಿದಿದ್ದಾರೆ. ದಾರಿ ತೋರಿಸಿದವರು ಬ್ರೆಜಿಲ್‌ನ ಆಗಸ್ಟೊ ಬೋಲ್ (1931–2009). ಅವರ ಪದ್ಧತಿಯಲ್ಲಿ ಆಟ ಒಮ್ಮೆ ಪೂರ್ತಿ ನಡೆದು ಕೆಟ್ಟದ್ದರಲ್ಲೇ ಮುಗಿಯುತ್ತದೆ. ಮತ್ತೆ ಮೊದಲಿಂದ ಶುರು. ಈ ಸಲ ನೋಡುವವರಲ್ಲಿ ಯಾರಾದರೂ “ನಿಲ್ಲಿಸ್ರಿ” ಎಂದು ಎದ್ದು ಬಂದು, ನೊಂದವರ ಪಾತ್ರ ತಾವೇ ಹಾಕಿ, ಬೇರೆ ದಾರಿ ತೋರಿಸಬಹುದು. ಬಂಗಾಳದಲ್ಲಿ ಜನ ಸಂಸ್ಕೃತಿ ತಂಡ 1985ರಲ್ಲಿ ಹುಟ್ಟಿ, ಹಳ್ಳಿಗಳಲ್ಲಿ ಇದನ್ನೇ ಬೆಳೆಸಿತು.

ರಾತ್ರಿಯೆಲ್ಲಾ ದೊಡ್ಡಾಟ ನೋಡಿದ ಸೀಮೆಗೆ ನಾಟಕ ಹೊಸದೇನಲ್ಲ. ‘ಸಮುದಾಯ’ದವರು 1979ರ ಜಾಥಾದಲ್ಲಿ ರಾಜ್ಯದ ಊರೂರಲ್ಲಿ ಬೀದಿ ನಾಟಕ ಆಡಿದ್ದರು, ಬಿಹಾರದ ಬೆಲ್ಚಿಯಲ್ಲಿ 1977ರಲ್ಲಿ ನಡೆದ ದಲಿತರ ಹತ್ಯೆಯ ಕಥೆ ಅದರಲ್ಲಿತ್ತು. ಆದರೆ ಅಲ್ಲಿ ಆಡುವವರು ಹೇಳುತ್ತಿದ್ದರು, ಜನ ಕೇಳುತ್ತಿದ್ದರು.

ನಾರು ಹುಣ್ಣನ್ನೇ ತಗೊಳ್ಳಿ. ಹಳೆಯ ಗುಲ್ಬರ್ಗಾ ಜಿಲ್ಲೆಯಲ್ಲಿ ಮೆಟ್ಟಿಲ ಬಾವಿಯ ನೀರು ಕುಡಿದವರ ಕಾಲಿನಿಂದ ಉದ್ದನೆ ಹುಳ ಹೊರಬರುತ್ತಿತ್ತು. ಭಾರತ ಅದರಿಂದ ಮುಕ್ತವೆಂದು 2000ದಲ್ಲಿ ಘೋಷಣೆಯಾಯಿತು. ಸೋಸಿ ಕುಡೀರಿ ಅನ್ನುವುದು ಸುಲಭ. ಯಾವ ಬಾವಿಗೆ ಯಾರನ್ನು ಇಳಿಸುತ್ತಿರಲಿಲ್ಲ ಎಂಬುದನ್ನು ಯಾವ ಫಾರಂ ಕೇಳೀತು?

ಈಗಿನ ಸುದ್ದಿ ಗುಳೆಯದು. ಎಂಟು ತಿಂಗಳ ಬಸುರಿ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಬಸ್ ಹತ್ತುವ ಆಟವೊಂದನ್ನು ಯಾವುದಾದರೂ ತಾಂಡಾದಲ್ಲಿ ಆಡಿ ನೋಡಲಿ. “ಹೋಗಬ್ಯಾಡ” ಅನ್ನಲು ಎದ್ದವಳ ಎದುರು ಮುಂಗಡ ತಿಂದ ಗಂಡನ ಪಾತ್ರ ನಿಲ್ಲುತ್ತದೆ. ಆಗ ಸಾಲ ಎಷ್ಟು, ಕೊಟ್ಟವರಾರು, ದವಾಖಾನೆಯಲ್ಲಿ ಯಾರನ್ನು ಹೊರಗೆ ಕೂರಿಸ್ತಾರೆ, ಎಲ್ಲಾ ಬಾಯಿಗೆ ಬರುತ್ತದೆ. “ನಾ ಅಂದಿಲ್ರಿ, ಪಾತ್ರ ಅಂತು” ಎಂಬ ಆಸರೆ ಇದೆಯಲ್ಲ!

ಆಸರೆ ಆಟ ಮುಗಿಯುವ ತನಕ ಮಾತ್ರ. ಗುಡಿ ಮುಂದೆ ಆಡಿದರೆ ಕೇರಿಯವರು ದೂರ ನಿಂತಾರು. ಕೇರಿಯಲ್ಲಿ ಆಡಿದರೆ ಊರಿನವರು ಬರಲಿಕ್ಕಿಲ್ಲ. ತಂಡದ ಜೀಪು ರಾತ್ರಿಯೇ ಹೋಗುತ್ತದೆ. ಮಾತಾಡಿದ ಹೆಣ್ಣುಮಗಳು ಮುಂಜಾನೆ ಅದೇ ಓಣಿಯಲ್ಲಿ ಕೊಡ ಹಿಡಿದು ನಡೀಬೇಕು. ಅವಳ ಮೇಲೆ ಯಾರಾದರೂ ಏರಿ ಬಂದರೆ ಬೆನ್ನಿಗೆ ಯಾರು? ಫಾರಂ ಹಿಡಿದವರಾಗಲಿ, ಬಣ್ಣ ಹಚ್ಚಿದವರಾಗಲಿ, ಡೋಲು ಬಾರಿಸುವ ಮೊದಲೇ ಇದಕ್ಕೆ ಉತ್ತರ ಕೊಡಬೇಕು.