ಉದ್ದ ಲೋಟದಲ್ಲಿ ನೀರು ಜಾಸ್ತೀನಾ?

ಒಂದೇ ಥರದ ಎರಡು ಲೋಟ.
ಎರಡರಲ್ಲೂ ಸಮ ಸಮ ನೀರು.
ಒಂದರ ನೀರನ್ನ, ಮಗು ಕಣ್ಣೆದುರೇ,
ಸಪೂರ ಉದ್ದ ಲೋಟಕ್ಕೆ ಸುರೀರಿ.
ಈಗ ಯಾವುದ್ರಲ್ಲಿ ಜಾಸ್ತಿ?

ಐದು ವರ್ಷದ ಮಗು ಸಾಮಾನ್ಯವಾಗಿ ಹೇಳೋದು,
"ಉದ್ದ ಲೋಟದಲ್ಲಿ!"

ತಪ್ಪು. ಸೊನ್ನೆ ಹಾಕ್ಬಿಡೋಣ್ವಾ?
ಸ್ವಲ್ಪ ತಡೀರಿ.
ಮಕ್ಕಳಿಗೆ ಪರೀಕ್ಷೆ ಯಾಕೆ ಅಂತ ಮೊದಲು ನೋಡೋಣ.

1905, ಪ್ಯಾರಿಸ್.
ಮನಶ್ಶಾಸ್ತ್ರಜ್ಞರಾದ ಆಲ್‌ಫ್ರೆಡ್ ಬಿನೆ, ಥಿಯೊಡೋರ್ ಸಿಮೋನ್
ಮಕ್ಕಳಿಗಾಗಿ 30 ಪ್ರಶ್ನೆ ಜೋಡಿಸಿದ್ರು.
ಸುಲಭದಿಂದ ಕಷ್ಟಕ್ಕೆ.
ಯಾಕೆ? ಯಾವ ಮಗುಗೆ ಹೆಚ್ಚು ಸಹಾಯ ಬೇಕು
ಅಂತ ಗುರುತಿಸೋಕೆ.
ದಡ್ಡ ಅಂತ ಹಣೆಪಟ್ಟಿ ಕಟ್ಟೋಕಲ್ಲ.
ಆಮೇಲೆ ಜನ ಅದನ್ನೇ ಮಾಡಿದ್ರು ಅನ್ನಿ!

ಈ ಪರೀಕ್ಷೆ ನಮ್ಮಲ್ಲಿಗೂ ಬಂತು.
ವಿ. ವಿ. ಕಾಮತ್ ಅವರು 1930ರ ದಶಕದಲ್ಲೇ
ಕನ್ನಡ, ಮರಾಠಿ ಮಕ್ಕಳಿಗೆ ಇದನ್ನ ಹೊಂದಿಸಿದ್ರು.

ಪರೀಕ್ಷೆ ಹೇಗಿರ್ಬೇಕು? ಒಬ್ಬ ಟೈಲರ್‌ನ ನೆನಪಿಸ್ಕೊಳ್ಳಿ.
ಟೇಪ್ ಹಿಡಿಯೋದು ನಿಮಗೆ ಮಾರ್ಕ್ಸ್ ಕೊಡೋಕಾ?
ಅಂಗಿ ಮೈಗೆ ಒಪ್ಪೋ ಹಾಗೆ ಹೊಲಿಯೋಕೆ.
ಮಕ್ಕಳಾದ್ರೆ, ಹೋದ ವರ್ಷದ ಅಳತೆ ಈ ವರ್ಷಕ್ಕೆ ಆಗಲ್ಲ.

ಈಗ ಲೋಟಕ್ಕೆ ಬರೋಣ.
ಇದು ಮನಶ್ಶಾಸ್ತ್ರಜ್ಞ ಜಾನ್ ಪಿಯಾಜೆ ಅವರ ಪ್ರಯೋಗ.
ಪ್ಯಾರಿಸ್‌ನಲ್ಲಿ ಮಕ್ಕಳಿಗೆ ಪರೀಕ್ಷೆ ಮಾಡ್ತಿದ್ದಾಗ
ಪಿಯಾಜೆ ಕುತೂಹಲ ಕೆರಳಿಸಿದ್ದೇ ತಪ್ಪು ಉತ್ತರಗಳು.
ಲೋಟದ ತಪ್ಪು ಉತ್ತರಾನೇ ನೋಡಿ: ಮಗು ಎತ್ತರ ಮಾತ್ರ ನೋಡ್ತಿದೆ,
ಅಗಲ ಅದರ ಲೆಕ್ಕಕ್ಕೇ ಬಂದಿಲ್ಲ!
ಸೊನ್ನೆ ಹಾಕಿದ್ರೆ ಇದು ಗೊತ್ತಾಗ್ತಿತ್ತಾ?

ಸರಿ, ಆ ನೀರನ್ನ ಮಗು ಕೈಯಿಂದಲೇ
ಮೊದಲಿನ ಲೋಟಕ್ಕೆ ಸುರಿಸಿ.
"ಯಾಕೆ ಹೀಗಾಯ್ತು?" ಅಂತ ಕೇಳಿ.
ಉತ್ತರ ಮಾತ್ರ ನೀವು ಹೇಳ್ಬೇಡಿ.