ತಗ್ಗಿದವನ ಕೈ ಮೇಲು

ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಕ್ಯಾಂಪಸ್ ಇದೆ. ಅಲ್ಲಿನ ಟ್ಯಾಲೆಂಟ್ ಡೆವಲಪ್‌ಮೆಂಟ್ ಸೆಂಟರ್‌ಗೆ ವಿಜ್ಞಾನದ ಮೇಷ್ಟ್ರುಗಳು ತರಬೇತಿಗೆ ಬರುತ್ತಾರೆ. ಬಲ, ಘರ್ಷಣೆ, ಗುರುತ್ವ ಕೇಂದ್ರಗಳನ್ನು ಮಕ್ಕಳಿಗೆ ಮನದಟ್ಟು ಮಾಡುವುದು ಹೇಗೆ ಎಂದು ಅವರಲ್ಲಿ ಯಾರಾದರೂ ನನ್ನನ್ನು ಕೇಳಿದರೆ, ಕಬಡ್ಡಿ ಅಂಕಣಕ್ಕೆ ಕರೆದುಕೊಂಡು ಹೋಗಿ ಎನ್ನುತ್ತೇನೆ. ನೋಡಬೇಕಾದದ್ದು ನುಗ್ಗಿ ಬರುವ ರೇಡರ್‌ನನ್ನಲ್ಲ, ಹಿಡಿಯಲು ನಿಂತವರ ಕಾಲುಗಳನ್ನು.

ರೇಡರ್ ನಡುಗೆರೆ ದಾಟುತ್ತಲೇ ಹಿಡಿಯಲು ಕವರ್ ಸ್ಥಾನದಲ್ಲಿ ನಿಂತವನು ಮಂಡಿ ಮಡಚಿ, ಸೊಂಟ ಇಳಿಸಿ, ಕಾಲು ಅಗಲಿಸುತ್ತಾನೆ. ಯಾಕೆ? 80 ಕಿಲೋ ತೂಕದವನೊಬ್ಬ ಕಾಲು ಕೂಡಿಸಿ ನೆಟ್ಟಗೆ ನಿಂತಿದ್ದಾನೆ, ಅವನ ಮೈಯ ನಡುಗೆರೆಯಿಂದ ಪಾದದ ಹೊರ ಅಂಚಿಗೆ 15 ಸೆಂ.ಮೀ. ಎಂದಿಟ್ಟುಕೊಳ್ಳಿ. ನೆಲದಿಂದ 1.3 ಮೀಟರ್ ಎತ್ತರದಲ್ಲಿ ಪಕ್ಕದಿಂದ ಒತ್ತಿದರೆ ಸುಮಾರು 9 ಕಿಲೋ ತೂಕದಷ್ಟು ಬಲಕ್ಕೇ ಅವನು ವಾಲುತ್ತಾನೆ. ಅವನೇ ಕಾಲು ಅಗಲಿಸಿ 15ನ್ನು 40 ಮಾಡಿಕೊಂಡು, ಎದೆಯನ್ನು 1 ಮೀಟರ್ ಎತ್ತರಕ್ಕೆ ಇಳಿಸಿದರೆ? ಈಗ 32 ಕಿಲೋ ಬೇಕು. ಮೈತೂಕ ಒಂದು ಗ್ರಾಮೂ ಹೆಚ್ಚಿಲ್ಲ!

ಅಮೆರಿಕನ್ ಫುಟ್‌ಬಾಲಿನಲ್ಲಿ ಎದುರುಬದುರು ನಿಲ್ಲುವ ಮುಂಚೂಣಿಯವರ ಕಸುಬೇ ಹೀಗೆ ತಗ್ಗುವುದು. 130 ಕಿಲೋ ದಾಟಿದ ಆಳುಗಳು ಒಂದು ಕೈಯನ್ನು ನೆಲಕ್ಕೂರಿ ಕಾದಿರುತ್ತಾರೆ. ಚೆಂಡು ಅಲುಗಿದ ಕೂಡಲೇ ಕೆಳಗಿನಿಂದ ಚಿಮ್ಮಿ, ಎದುರಾಳಿಯ ಎದೆಗೆ ಅಂಗೈ ಕೊಟ್ಟು ಮೇಲ್ಮುಖವಾಗಿ ನೂಕುತ್ತಾರೆ. ಚೆಂಡು ಹಿಡಿದು ಓಡುವವನಿಗೆ ಸಂದು ಬಿಡಿಸುವುದು ಒಂದು ಪಡೆಯ ಕೆಲಸ, ಆ ಸಂದನ್ನು ಮುಚ್ಚುವುದು ಇನ್ನೊಂದರದು. ದಾರಿ ಬಿಡಿಸುವವರು ಎದುರಾಳಿಯನ್ನು ಹಿಡಿದು ನಿಲ್ಲಿಸುವಂತಿಲ್ಲ. ಹಿಡಿದರೆ 10 ಗಜ ದಂಡ. ನಮ್ಮ ಕಬಡ್ಡಿಯಲ್ಲಿ ಹಿಡಿಯುವುದೇ ಆಟ.

ಮೇಲ್ಮುಖವಾಗಿ ನೂಕುವುದರಲ್ಲೇ ಗುಟ್ಟಿರುವುದು. ತಳ್ಳುವವನಿಗೆ ಆಸರೆ ಪಾದದಡಿಯ ಘರ್ಷಣೆ. ಮ್ಯಾಟ್ ಮೇಲೆ ಘರ್ಷಣಾಂಕ 0.8 ಎಂದುಕೊಂಡರೆ, 80 ಕಿಲೋ ಆಸಾಮಿ ಜಾರದೆ 64 ಕಿಲೋ ತೂಕದಷ್ಟು ತಳ್ಳಬಲ್ಲ. ಎದುರಿಗಿರುವವನೂ ಅಷ್ಟೇ ತೂಕದವನಾದರೆ ಲೆಕ್ಕ ಸಮ. ಆದರೆ ಒಬ್ಬ ತಗ್ಗಿ, ತನ್ನ ತಳ್ಳುವಿಕೆಗೆ 20 ಕಿಲೋದಷ್ಟು ಮೇಲೆತ್ತುವ ಬಲವನ್ನೂ ಸೇರಿಸಿದನೆನ್ನಿ. ನ್ಯೂಟನ್‌ನ ಮೂರನೇ ನಿಯಮದಂತೆ ಆ 20 ಅವನ ಪಾದಕ್ಕೆ ಕೂಡಿ 100 ಆಗುತ್ತದೆ, ಎದುರಾಳಿಯ ಪಾದದಿಂದ ಕಳೆದು 60 ಉಳಿಯುತ್ತದೆ. ಈಗ ಇವನ ಹಿಡಿತ 80, ಅವನದು 48. ಮೇಲಿನಿಂದ ಎರಗಿದವನು ತನ್ನ ತೂಕವನ್ನೇ ಎದುರಾಳಿಗೆ ಸಾಲ ಕೊಟ್ಟಂತೆ.

ಪುಡಿ ಮಣ್ಣಿನಲ್ಲಿ ಈ ಹಿಡಿತ ಇನ್ನೂ ಕಡಿಮೆ. ಪಂದ್ಯಕ್ಕೆ ಮುಂಚೆ ಅಂಕಣಕ್ಕೆ ನೀರು ಚಿಮುಕಿಸಿದರೆ ಧೂಳಷ್ಟೇ ಅಡಗುವುದಿಲ್ಲ, ಹದವಾಗಿ ನೆನೆದ ಮಣ್ಣು ಕಾಲನ್ನೂ ಕಚ್ಚಿಕೊಳ್ಳುತ್ತದೆ. ಹದ ಮೀರಿದರೆ ಕೆಸರು, ಆಗ ಇಬ್ಬರೂ ಜಾರುತ್ತಾರೆ.

ಹಿಡಿಯುವವರು ಕೈ ಕೈ ಹೆಣೆದು ಕಟ್ಟುವ ಕಬಡ್ಡಿಯ ಚೈನ್ ಇದೇ ಹಿಡಿತದ ಲೆಕ್ಕದ ಮುಂದುವರಿಕೆ. ಪುರುಷರ ಅಂಕಣದಲ್ಲಿ ರೇಡರ್ ದಾಟಬೇಕಾದ ಬಾಲ್ಕ್ ಲೈನ್ ನಡುಗೆರೆಯಿಂದ 3.75 ಮೀಟರ್ ದೂರ. ಅಲ್ಲಿಂದ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ವಾಪಸು ಓಡುವ ರೇಡರ್ ಮುಕ್ಕಾಲು ಸೆಕೆಂಡಿನಲ್ಲಿ ನಡುಗೆರೆ ಮುಟ್ಟುತ್ತಾನೆ. ಎಲ್ಲರೂ 80 ಕಿಲೋದವರೇ ಎಂದಿಟ್ಟುಕೊಂಡರೆ, ಅಷ್ಟರೊಳಗೆ ಒಬ್ಬನೇ ತಡೆದರೆ 64ಕ್ಕೆ 64. ಕೈ ಕೈ ಹಿಡಿದ ಮೂವರು ಸುತ್ತುವರಿದರೆ ರೇಡರ್‌ನ 64ರ ಎದುರು 192. ಕೈ ಬಿಟ್ಟುಹೋದರೆ ಕೂಡುವ ಲೆಕ್ಕವೇ ಇಲ್ಲ. ಮೂವರೂ ಬಿಡಿಬಿಡಿಯಾಗಿ ಸೋಲಬಹುದು.

ಪಾಯಿಂಟು ತರುವ ರೇಡರ್‌ಗೆ ಹೆಸರು ಜಾಸ್ತಿ, ನಿಜ. ಆದರೆ 2024ರ ಮಾರ್ಚ್ 1ರಂದು ಪ್ರೊ ಕಬಡ್ಡಿಯ ಹತ್ತನೇ ಆವೃತ್ತಿ ಗೆದ್ದ ಪುಣೇರಿ ಪಲ್ಟನ್ ಹಿಡಿಯುವುದರಲ್ಲೂ ಗಟ್ಟಿ ತಂಡವಾಗಿತ್ತು. ಆಗ ಕೋಚ್ ಆಗಿದ್ದವರು ನಮ್ಮ ಕರ್ನಾಟಕದ ಬಿ.ಸಿ. ರಮೇಶ್. ಆ ತಂಡದ ಇರಾನಿ ಆಟಗಾರ ಮೊಹಮ್ಮದ್ ರೆಜಾ ಶಾದ್ಲೂಯಿ ಆ ಆವೃತ್ತಿಯಲ್ಲಿ 99 ಟ್ಯಾಕಲ್ ಪಾಯಿಂಟ್ ಗಳಿಸಿದರು.

ಚೈನ್‌ಗೂ ಒಂದು ಬಿರುಕಿದೆ: ಹೆಣೆದ ಕೈಗಳ ಕೆಳಗಿನ ಜಾಗ. ರೇಡರ್‌ಗಳ ಡುಬ್ಕಿ ವರಸೆ ಹುಟ್ಟಿದ್ದು ಅಲ್ಲಿಗಾಗಿಯೇ. ಅದಕ್ಕೆ ಹೆಸರಾದ ರೇಡರ್ ಪ್ರದೀಪ್ ನರ್ವಾಲ್ ಆ ಕೈಗಳಿಗಿಂತಲೂ ಕೆಳಗೆ ಬಗ್ಗಿ ನುಸುಳುತ್ತಿದ್ದರು. ಹಾಗಾಗಿ ಅನುಭವಿ ಕವರ್ ಆಟಗಾರರು ಕೈ ಕಟ್ಟುವಾಗಲೇ ಮಂಡಿಯನ್ನು ಇನ್ನೊಂದು ಗೇಣು ಇಳಿಸುತ್ತಾರೆ.