ಗೋಧಿಯ ಮುಸುರೆ

ದೆಹಲಿಯಿಂದ ಬಂದಿದ್ದ ನನ್ನ ತಂಗಿಯ ಮಗಳನ್ನು ಕಳೆದ ವರ್ಷ ಬೆಂಗಳೂರಿನ ಹಳೆಯ ಉಪಾಹಾರಗೃಹವೊಂದಕ್ಕೆ ಕರೆದುಕೊಂಡು ಹೋಗಿದ್ದೆ. ಗೋಧಿಯನ್ನು ಕಣದಷ್ಟೂ ಸೇವಿಸಕೂಡದೆಂದು ವೈದ್ಯರಿಂದ ಕಟ್ಟಪ್ಪಣೆ ಪಡೆದವಳು ಅವಳು. ರೋಟಿ ಪರಾಠಗಳ ನಾಡಿನಲ್ಲಿ ಹೊರಗೆ ಉಣ್ಣುವುದನ್ನೇ ಬಿಟ್ಟಿದ್ದ ಆ ಹುಡುಗಿ, ಅಕ್ಕಿಯ ಸೀಮೆಗೆ ಬಂದೆನಲ್ಲಾ ಎಂಬ ಸಮಾಧಾನದಿಂದ ಕುಳಿತು, ಸಪ್ಲೈಯರನ್ನು ವಿಚಾರಿಸಿದಳು. “ದೋಸೆಗೆ ಗೋಧಿ ಯಾಕೆ ಹಾಕ್ತಾರಮ್ಮ? ಅಕ್ಕಿ, ಉದ್ದು, ಚೂರು ಮೆಂತ್ಯ, ಅಷ್ಟೇ” ಎಂದು ಅವನು ನಕ್ಕನು. ಅವನು ನುಡಿದುದು ಸತ್ಯವೇ. ಆದರೆ ಅವನ ಬೆನ್ನ ಹಿಂದೆ, ಗಾಜಿನಾಚೆ ಕಾಣುತ್ತಿದ್ದ ಕಾವಲಿಯ ಮೇಲೆ ಅದೇ ಕ್ಷಣದಲ್ಲಿ ರವೆದೋಸೆಯೊಂದು ಜಾಲಜಾಲವಾಗಿ ಹರಡಿ ಬೇಯುತ್ತಿತ್ತು. ಅದನ್ನೆತ್ತಿದ ಮಗುಚುವ ಕೈಯೇ ಇವಳ ಸಾದಾ ದೋಸೆಯನ್ನೂ ಎತ್ತುವುದಿತ್ತು.

ಹೋಳಿಗೆಯ ಕಣಕವನ್ನು ನಾದಿ ಬಲ್ಲವರಿಗೆ ಗ್ಲುಟೆನ್ ಎಂಬುದನ್ನು ಹೊಸದಾಗಿ ಪರಿಚಯಿಸಬೇಕಾದುದಿಲ್ಲ. ಎಣ್ಣೆಯಲ್ಲಿ ನೆನೆದ ಮೈದಾ ಹಿಟ್ಟು ಹರಿಯದೆ ಹಿಗ್ಗಿ ಹೂರಣವನ್ನು ಹೊದ್ದುಕೊಳ್ಳುವುದು ಯಾವುದರ ಬಲದಿಂದಲೋ, ಅಕ್ಕಿರೊಟ್ಟಿಯು ತಟ್ಟುವಾಗಲೇ ಅಂಚಿನಲ್ಲಿ ಬಿರಿಯುವುದು ಯಾವುದರ ಅಭಾವದಿಂದಲೋ, ಅದೇ ಗ್ಲುಟೆನ್; ಗೋಧಿಯಲ್ಲಿಯೂ ಅದರ ಜ್ಞಾತಿಗಳಾದ ಬಾರ್ಲಿ, ರೈ ಧಾನ್ಯಗಳಲ್ಲಿಯೂ ಇರತಕ್ಕ ಜಿಗುಟಾದ ಪ್ರೋಟೀನು. ಸೀಲಿಯಾಕ್ ರೋಗವುಳ್ಳವರ ದೇಹವು ಇದನ್ನು ಶತ್ರುವೆಂದು ಬಗೆದು ಕಾದಾಟಕ್ಕೆ ತೊಡಗುವುದು. ಆ ಕಾದಾಟದ ಪೆಟ್ಟು ಬೀಳುವುದಾದರೋ, ಸಣ್ಣ ಕರುಳಿನ ಒಳಗೋಡೆಯಲ್ಲಿ ಮಖಮಲ್ಲಿನ ನವಿರಿನಂತೆ ನಿಂತು ಅನ್ನರಸವನ್ನು ಹೀರುವ ಸೂಕ್ಷ್ಮವಾದ ಅಂಕುರಗಳ ಮೇಲೆ. ಅವು ಸವೆದಂತೆಲ್ಲ ಉಂಡದ್ದು ಮೈಗೆ ಹತ್ತದೆ, ರಕ್ತಹೀನತೆ, ಅತಿಸಾರ, ಮೂಳೆಗಳ ದೌರ್ಬಲ್ಯ ಮೊದಲಾದುವು ತಲೆದೋರುವುವು. ಮಕ್ಕಳಾದರೆ ಬೆಳವಣಿಗೆಯೇ ಕುಂಠಿತವಾಗುವುದು. ಇದಕ್ಕೆ ಪಥ್ಯವೊಂದೇ ಚಿಕಿತ್ಸೆ, ಅದೂ ಆಜೀವಪರ್ಯಂತ. ಸಂದೇಹವುಳ್ಳವರು ರಕ್ತಪರೀಕ್ಷೆಗೆ ಮುನ್ನವೇ ಗೋಧಿಯನ್ನು ತ್ಯಜಿಸಬಾರದೆಂಬುದನ್ನೂ ಇಲ್ಲಿಯೇ ಹೇಳಿಬಿಡುವೆನು. ತ್ಯಜಿಸಿದರೆ ರೋಗದ ಕುರುಹು ಪರೀಕ್ಷೆಗೆ ಸಿಕ್ಕದೆ ಹೋಗಬಹುದು.

ರೋಗಕ್ಕೂ ಗೋಧಿಗೂ ಉಳ್ಳ ನಂಟು ದೃಢವಾದುದು ಯುದ್ಧಕಾಲದ ಹಸಿವಿನಲ್ಲಿ. ಹಾಲೆಂಡಿನ ಮಕ್ಕಳ ವೈದ್ಯರಾದ ವಿಲ್ಲೆಮ್ ಡಿಕ್ಕೆಯವರಿಗೆ ಮೊದಲೇ ಗೋಧಿಯ ಮೇಲೆ ಸಂಶಯವಿತ್ತು. 1944–45ರ ಚಳಿಗಾಲದಲ್ಲಿ ಅಲ್ಲಿ ಬ್ರೆಡ್ಡು ದುರ್ಲಭವಾಗಿ ಊರೆಲ್ಲ ಸೊರಗುತ್ತಿರಲು, ಈ ರೋಗದ ಮಕ್ಕಳು ಮಾತ್ರ ಚೇತರಿಸಿಕೊಂಡು, ಬ್ರೆಡ್ಡು ಮರಳಿದಾಗ ಮತ್ತೆ ಬಳಲಿದುದು ಅವರ ಊಹೆಗೆ ಸಾಕ್ಷ್ಯವಾಯಿತು. 1950ರಲ್ಲಿ ಅವರ ಪ್ರಬಂಧವು ಹೊರಬಂದಿತು. ವಿಚಿತ್ರವೆಂದರೆ, ಅದೇ ಮಹಾಯುದ್ಧದಲ್ಲಿ ಬರ್ಮಾ ದೇಶದ ಅಕ್ಕಿ ಬಾರದೆ ಹೋದುದರಿಂದಲೇ ನಮ್ಮ ಮಾವಳ್ಳಿ ಟಿಫಿನ್ ರೂಮಿನಲ್ಲಿ ರವೆ ಇಡ್ಲಿಯು ಹುಟ್ಟಿತೆಂದು ಆ ಹೋಟೆಲಿನವರು ಹೇಳುವರು. ಅಕ್ಕಿಯ ತಟ್ಟೆಗೆ ಗೋಧಿ ಬಂದು ಕುಳಿತ ಬಗೆ ಹೀಗೆ, ಕುಳಿತದ್ದು ಏಳಲಿಲ್ಲ.

ಈ ರೋಗವು ನಮ್ಮವರಿಗೆ ಅಪರಿಚಿತವಾಗಿರುವುದಕ್ಕೂ ಕಾರಣವುಂಟು. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಉತ್ತರ ಭಾರತದ ವಯಸ್ಕರಲ್ಲಿ ಶೇಕಡ 1.23ರಷ್ಟು ಜನರಿಗೂ, ದಕ್ಷಿಣದಲ್ಲಿ ಶೇಕಡ 0.10ರಷ್ಟು ಜನರಿಗೂ ಇದು ಇರುವುದೆಂದು ಕಂಡಿತು. ವಂಶವಾಹಿಗಳಲ್ಲಿ ಅಷ್ಟೇನೂ ಅಂತರವಿಲ್ಲದಿದ್ದರೂ ಗೋಧಿಯ ಸೇವನೆಯಲ್ಲಿ ಅಜಗಜಾಂತರವಿದ್ದಿತು. ಹೀಗಿರಲು ನಮ್ಮ ಅಡಿಗೆಯವರು ಇದರ ಹೆಸರನ್ನೇ ಕೇಳದಿರುವುದನ್ನು ತಪ್ಪೆಂದು ಹೇಳಲಾಗದು.

ಹೋಟೆಲಿನಲ್ಲಿ “ಗೋಧಿ ಇದೆಯೇ” ಎಂದು ಕೇಳುವುದರಿಂದ ಹೆಚ್ಚಿನ ಪ್ರಯೋಜನವಿಲ್ಲವೆಂಬುದು ನಾನು ಕಂಡುಕೊಂಡ ಸಂಗತಿ. ನಮ್ಮ ಅಡಿಗೆಮನೆಗಳಲ್ಲಿ ಗೋಧಿ ಎಂದರೆ ಚಪಾತಿಯ ಹಿಟ್ಟು. ಬನ್ಸಿ ರವೆ, ಬಾಂಬೆ ರವೆ, ಚಿರೋಟಿ ರವೆ, ಮೈದಾ, ಶಾವಿಗೆ ಇವೆಲ್ಲ ಸ್ವತಂತ್ರ ಜಾತಿಗಳು. ಇವು ಗೋಧಿಯ ಮಕ್ಕಳೆಂದು ಯಾರ ನೆನಪಿಗೂ ಬಾರದು. ಅದಕ್ಕೆ ವಿಪರ್ಯಾಸವಾಗಿ, ಇಡ್ಲಿ ರವೆಯು ಅಕ್ಕಿಯದು, ಒತ್ತುಶಾವಿಗೆಯೂ ಅಕ್ಕಿಯದು. ಆದುದರಿಂದ ಉಪ್ಪಿಟ್ಟು, ಕೇಸರಿಬಾತು, ಮದ್ದೂರು ವಡೆ, ಗೋಳಿಬಜೆ, ಜಾಮೂನುಗಳನ್ನು ಕೇಳದೆಯೇ ದೂರವಿಡತಕ್ಕದ್ದು. ನೀರುದೋಸೆ, ಅಕ್ಕಿಯ ಕಡುಬು, ಒಗ್ಗರಣೆ ಹಾಕದ ಮೊಸರನ್ನಗಳ ವಿಷಯದಲ್ಲಿ ಧೈರ್ಯ ಹೆಚ್ಚು. ರಾಗಿದೋಸೆಯೂ ಜೋಳದ ರೊಟ್ಟಿಯೂ ಮನೆಯಲ್ಲಿ ನಿರಪಾಯವಾದುವಾದರೂ ಹೋಟೆಲಿನಲ್ಲಿ ಗರಿಗರಿಗೆಂದೋ ಮುರಿಯದಿರಲೆಂದೋ ಒಂದು ಹಿಡಿ ರವೆ, ಮೈದಾ, ಗೋಧಿಹಿಟ್ಟುಗಳನ್ನು ಸೇರಿಸುವ ರೂಢಿಯಿರುವುದರಿಂದ, ಹೆಸರಿಗೆ ಮರುಳಾಗಬಾರದು.

ಎಲ್ಲಕ್ಕಿಂತ ಗೂಢವಾದುದು ಇಂಗು. ಇರಾನ್ ಅಫ್ಘಾನಿಸ್ತಾನಗಳ ಗುಡ್ಡಗಳಲ್ಲಿ ಬೆಳೆಯುವ ಗಿಡವೊಂದರ ಬೇರಿನಿಂದ ಒಸರುವ ಹಾಲು ಹೆಪ್ಪುಗಟ್ಟಿದರೆ ಇಂಗಾಗುವುದು. ಅಪ್ಪಟ ಇಂಗಿನ ಘಾಟು ಅಸಹ್ಯವಾದುದರಿಂದ ಅದಕ್ಕೆ ಗೋಂದನ್ನೂ ಹಿಟ್ಟನ್ನೂ ಬೆರೆಸಿ ಅಂಗಡಿಗೆ ತರುವರು. ಆ ಹಿಟ್ಟು ಕೆಲವು ಡಬ್ಬಿಗಳಲ್ಲಿ ಅಕ್ಕಿಯದು, ಬಹಳಷ್ಟರಲ್ಲಿ ಗೋಧಿಯದು. ಸಾರು, ಸಾಂಬಾರು, ಪಲ್ಯ, ಚಟ್ನಿ, ಮಜ್ಜಿಗೆ, ಉಪ್ಪಿನಕಾಯಿ, ಬಿಸಿಬೇಳೆಬಾತು—ಒಗ್ಗರಣೆ ಬಿದ್ದಲ್ಲೆಲ್ಲ ಅದು ಹಾಜರು. ಹಂಡೆ ಸಾಂಬಾರಿಗೆ ಚಿಟಿಕೆ ಇಂಗು ಬಿದ್ದರೆ ಎಷ್ಟಾದೀತು ಎಂದು ಕೇಳಬಹುದು. ಕೇಳುವುದು ಅನ್ಯಾಯವೂ ಅಲ್ಲ. ಆದರೆ ಗ್ಲುಟೆನ್ ರಹಿತವೆಂದು ಕರೆಯಿಸಿಕೊಳ್ಳಲು ಒಂದು ಕಿಲೋಗ್ರಾಂ ಆಹಾರದಲ್ಲಿ ಅದು 20 ಮಿಲಿಗ್ರಾಂ ಮೀರಕೂಡದೆಂಬುದು ನಿಯಮ, ಹೋಟೆಲಿನವರ ಚಿಟಿಕೆಯಾದರೋ ಯಾವ ತಕ್ಕಡಿಗೂ ಸಿಕ್ಕಿದುದಲ್ಲ.

ಇನ್ನು ಸ್ಪರ್ಶದ ಮಾತು. ಪೂರಿ, ಬೋಂಡಗಳು ಬೆಂದ ಬಾಣಲೆಯ ಎಣ್ಣೆಯಲ್ಲಿಯೇ ಹಪ್ಪಳ, ಉದ್ದಿನವಡೆಗಳು ಕರಿಯಲ್ಪಡುವುವು. ಎಣ್ಣೆ ಎಷ್ಟು ಕಾದರೂ ಗ್ಲುಟೆನ್ ಸುಟ್ಟುಹೋಗದು. ಉತ್ತರ ಭಾರತದ ಶೈಲಿಯ ಹೋಟೆಲುಗಳಲ್ಲಿ ನಾನ್ ಅಂಟಿಸಿದ ತಂದೂರಿ ಒಲೆಯಲ್ಲಿಯೇ ಪನೀರೂ ಕೋಳಿಯೂ ಬೇಯುವುವು. ಗೋಬಿ ಮಂಚೂರಿಯಲ್ಲಿ ಮೈದಾ ಇರುವುದಲ್ಲದೆ, ಅದರ ಸೋಯಾ ಸಾಸಿನಲ್ಲಿಯೂ ಸಾಮಾನ್ಯವಾಗಿ ಗೋಧಿಯಿರುವುದು. ನವರಾತ್ರಿಯಲ್ಲಿ ಉತ್ತರ ಭಾರತದವರು ವ್ರತಕ್ಕೆಂದು ಗೋಧಿ ಬಿಟ್ಟು ರಾಜಗಿರಿ, ಸಿಂಗಾಡೆ ಹಿಟ್ಟುಗಳನ್ನು ಉಣ್ಣುವುದು ಈ ಪಥ್ಯದವರಿಗೆ ಅಯಾಚಿತವಾದ ಅನುಕೂಲ. ನಮ್ಮ ಕಡೆಯ ಫಲಾಹಾರವನ್ನು ಮಾತ್ರ ನಂಬಬಾರದು, ಅನ್ನ ಬಿಟ್ಟ ದಿನ ನಾವು ಕೂರುವುದೇ ಗೋಧಿರವೆಯ ಉಪ್ಪಿಟ್ಟಿನ ಮುಂದೆ! ಪರದೇಶಗಳಲ್ಲಿರುವ ಕನ್ನಡಿಗರ ಸ್ಥಿತಿ ಕೊಂಚ ಮೇಲು: ಬ್ರಿಟನ್ನಿನಲ್ಲಿ 2014ರ ಡಿಸೆಂಬರಿನಿಂದ, ಗ್ಲುಟೆನ್ ಉಳ್ಳ ಧಾನ್ಯಗಳೂ ಸೇರಿದಂತೆ ಹದಿನಾಲ್ಕು ಬಗೆಯ ಅಲರ್ಜಿಕಾರಕ ವಸ್ತುಗಳ ವಿವರವನ್ನು ಕೇಳಿದವರಿಗೆ ಹೇಳಲು ಹೋಟೆಲುಗಳು ಬದ್ಧವಾಗಿವೆ.

ಸಪ್ಲೈಯರನ ನಗುವಿಗೆ ನಾನು ಸೋಲಲಿಲ್ಲ. ಜನಸಂದಣಿ ಕಡಿಮೆಯಾಗಿದ್ದ ಹೊತ್ತಾದುದರಿಂದ ಗಲ್ಲದ ಮೇಲಿದ್ದವರು ಒಳಗಿನಿಂದ ಹಿರಿಯ ಅಡಿಗೆ ಭಟ್ಟರನ್ನು ಕರೆಯಿಸಿದರು. ಕರುಳು, ಪ್ರೋಟೀನು, ಮಿಲಿಗ್ರಾಂ ಎಂದು ನಾನು ಮಾಡಿದ ಉಪನ್ಯಾಸವನ್ನು ಅವರು ಟವೆಲಿನಿಂದ ಕೈ ಒರೆಸಿಕೊಳ್ಳುತ್ತ ಸಹಿಸಿದರು. ಕಡೆಗೆ ನನಗೆ ನಮ್ಮ ಅಜ್ಜಿಯ ಮಡಿಯಡಿಗೆ ನೆನಪಾಗಿ, “ಭಟ್ಟರೇ, ಇವಳಿಗೆ ಗೋಧಿಯೇ ಮುಸುರೆ” ಎಂದೆ. ಅನ್ನ ಮುಟ್ಟಿದ ಕೈಯಲ್ಲಿ ತುಪ್ಪದ ಪಾತ್ರೆಯನ್ನೂ ಉಪ್ಪಿನಕಾಯಿಯ ಜಾಡಿಯನ್ನೂ ಮುಟ್ಟಬಾರದೆಂಬ ಶಿಸ್ತಿನಲ್ಲಿ ಬೆಳೆದ ಆ ವೃದ್ಧರಿಗೆ ಮತ್ತೊಂದು ಮಾತು ಬೇಕಾಗಲಿಲ್ಲ. “ಹಾಗಾದರೆ ಕಾವಲಿ ಆಗಲ್ಲ, ಎಣ್ಣೆ ಬಾಣಲೆ ಆಗಲ್ಲ, ಚಟ್ನಿ ಸೌಟೂ ಆಗಲ್ಲ” ಎಂದು ತಾವೇ ಎಣಿಸಿದರು; ಎಣಿಸಿ, ಇಂಗಿನ ವಿಷಯವನ್ನು ನಾನೆತ್ತಿದಾಗ ಮಾತ್ರ ನಂಬದೆ ಒಳಗೆ ಹೋಗಿ ಡಬ್ಬಿಯನ್ನೇ ತಂದರು. ಕನ್ನಡಕವಿಲ್ಲದ ಕಣ್ಣಿಗೆ ಆ ಸಣ್ಣ ಅಕ್ಷರಗಳು ನಿಲುಕದೆ, ಹುಡುಗಿಯ ಕೈಗೇ ಕೊಟ್ಟು ಓದಿಸಿದರು.

“ಗೋಧಿ ಹಿಟ್ಟು” ಎಂದಳು ಅವಳು.

“ಮೂವತ್ತು ವರ್ಷದಿಂದ ಹಾಕ್ತಾ ಇದೀನಲ್ಲ ಮಗೂ!” ಎಂದು ಭಟ್ಟರು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಒಗ್ಗರಣೆ ಬೀಳದ ಚಟ್ನಿಯನ್ನು ಬೇರೆಯಾಗಿ ರುಬ್ಬಿಸಿ, ತೊಳೆದ ಪುಟ್ಟ ಪಾತ್ರೆಯಲ್ಲಿ, ತಟ್ಟೆಗೆ ಬದಲು ಬಾಳೆಲೆಯ ಚೂರಿನ ಮೇಲೆ ಹಿಟ್ಟು ಹೊಯ್ದು ಬೇಯಿಸಿದ ನಾಲ್ಕು ಇಡ್ಲಿಗಳನ್ನು ಅವರೇ ತಂದು ಬಡಿಸಿದರು. ಅರ್ಧ ಗಂಟೆ ತಡವಾಯಿತು. ನನ್ನ ರವೆದೋಸೆಯು ಅಷ್ಟರಲ್ಲಿ ಆರಿಹೋಗಿತ್ತು.